ಕಾಣದ ಗೆಳೆತನ, ಕರಗುವ ಗಂಟು
(ಸಂಘದ ಉಚಿತ ವಾಚನಾಲಯದ ಭಾನುವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಭಾನುವಾರದ ಈ ಉಪನ್ಯಾಸಗಳಲ್ಲಿ ವಿದ್ವಾಂಸರ ಮಾತು ಕೇಳುವುದು ತಮಗೆ ರೂಢಿ. ನಾನು ವಿದ್ವಾಂಸನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯೊಂದರ ಕಚೇರಿಯಲ್ಲಿ ಲೆಕ್ಕದ ಪುಸ್ತಕ ಬರೆಯುವ ಗುಮಾಸ್ತ. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವ ಸ್ವಯಂಸೇವಕ. ಹೀಗಿದ್ದರೂ ಕಾರ್ಯದರ್ಶಿಗಳು, “ಮೊಬೈಲಿನಲ್ಲಿ ಪ್ರೀತಿಯ ಹೆಸರು ಹೇಳಿ ಹಣ ಕೀಳುವ ಮೋಸದ ವಿಷಯ ನೀವೇ ಮಾತನಾಡಬೇಕು; ಹಣದ ಲೆಕ್ಕ ಬಲ್ಲವರು ನೀವು” ಎಂದರು. ಅವರ ಮಾತನ್ನು ಮೀರಲಾರದೆ ತಮ್ಮೆದುರು ನಿಂತಿದ್ದೇನೆ.

ಇಂಥ ವಿಷಯ ವಾಚನಾಲಯಕ್ಕೆ ತಕ್ಕುದೇ ಎಂದು ಕೆಲವರಿಗೆ ಅನ್ನಿಸೀತು. ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಈ ಉದ್ದ ಮೇಜಿನ ಸುತ್ತ ಏನು ನಡೆಯುತ್ತದೆಂಬುದನ್ನು ನಾನು ನೋಡಿದ್ದೇನೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು “ಇಷ್ಟು ವಯಸ್ಸಾಗಿ ಬುದ್ಧಿ ಬೇಡವೇ?” ಎನ್ನುತ್ತಾರೆ, ಎಲ್ಲರೂ ನಕ್ಕು ಪುಟ ತಿರುವುತ್ತಾರೆ. ಅದೇ ಮೇಜಿನ ಮೂಲೆಯಲ್ಲಿ ಒಬ್ಬರು ತಲೆ ತಗ್ಗಿಸಿ ಕುಳಿತಿರಬಹುದು, ಆಗಲೇ ಎರಡು ಕಂತು ಹಣ ಕಳಿಸಿ ಮೂರನೆಯದನ್ನು ಹೊಂದಿಸುತ್ತಿರಬಹುದು ಎಂಬುದು ನಮಗೆ ಹೊಳೆಯುವುದಿಲ್ಲ. ಮೋಸಗಾರನ ದೊಡ್ಡ ಬಂಡವಾಳವೆಂದರೆ ಮೋಸ ಹೋದವರ ಸಂಕೋಚ. ಈ ಒಂದು ಮಾತನ್ನು ತಮ್ಮ ಮನಸ್ಸಿಗೆ ತರುವುದೇ ನನ್ನ ಇಂದಿನ ಉದ್ದೇಶ.

ಈ ವಂಚನೆ ಹೊಸತೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪು, ಅಮೆರಿಕಗಳಲ್ಲಿ ‘ಸ್ಪೇನಿನ ಕೈದಿ’ ಎಂಬ ಹೆಸರಿನ ಮೋಸವೊಂದು ಟಪಾಲಿನ ಮೂಲಕ ನಡೆಯುತ್ತಿತ್ತು. ಗುರುತಿಲ್ಲದವನಿಂದ ಒಂದು ಕಾಗದ ಬರುವುದು: ಶ್ರೀಮಂತನೊಬ್ಬ ಸ್ಪೇನಿನ ಸೆರೆಮನೆಯಲ್ಲಿದ್ದಾನೆ, ಬಿಡಿಸಲು ಸ್ವಲ್ಪ ಹಣ ಬೇಕು, ಬಿಡುಗಡೆಯಾದ ಮೇಲೆ ಅವನ ನಿಧಿಯಲ್ಲಿ ಪಾಲು ಸಿಗುತ್ತದೆ, ಅವನಿಗೊಬ್ಬ ಸುಂದರಿಯಾದ ಮಗಳೂ ಇದ್ದಾಳೆ. ಹಣ ಕಳಿಸಿದರೆ ಹೊಸದೊಂದು ವಿಘ್ನ, ಮತ್ತೆ ಹಣ. ಇಂದಿನ ಮೋಸದ ಅಸ್ಥಿಪಂಜರವೂ ಇದೇ. ಆಗ ಒಂದು ಕಾಗದಕ್ಕೆ ಅಂಚೆಯ ಖರ್ಚು ಬೀಳುತ್ತಿತ್ತು, ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಈಗ ಒಬ್ಬನೇ ಕುಳಿತು ಐವತ್ತು ಜನರೊಡನೆ ಏಕಕಾಲಕ್ಕೆ ಪ್ರೇಮ ಸಂಭಾಷಣೆ ನಡೆಸಬಲ್ಲ. ಭಾಷೆ ಬಾರದಿದ್ದರೆ ಯಂತ್ರವೇ ಕನ್ನಡದಲ್ಲಿ ಬರೆದುಕೊಡುತ್ತದೆ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದರ ಅಪಾಯ ಒಂದು ತೂಕ ಹೆಚ್ಚೆಂದು ನನ್ನ ಎಣಿಕೆ. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆ ನಮ್ಮಲ್ಲಿದೆ. ಆದರೆ ಆ ಸಾವಿರ ಸುಳ್ಳನ್ನು ಸೋಸಲು ಊರಿನಲ್ಲಿ ಸೋದರಮಾವ ಇದ್ದ, ಅಂಗಡಿಯವನಿದ್ದ, ನೆರೆಮನೆಯ ಅಜ್ಜಿ ಇದ್ದಳು. “ಯಾವ ಊರು? ಯಾರ ಮನೆಯವರು?” ಎಂಬ ಎರಡು ಪ್ರಶ್ನೆಗೆ ಅರ್ಧ ಸತ್ಯ ಹೊರಬೀಳುತ್ತಿತ್ತು. ಇಲ್ಲಿ ಎಂಟು ಗಂಟೆ ದುಡಿದು, ಲೋಕಲ್ ಗಾಡಿಯಲ್ಲಿ ನೇತಾಡಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಮಾತನಾಡಿಸುವವರಿಲ್ಲ. ಆ ಹೊತ್ತಿನಲ್ಲಿ ಮೊಬೈಲಿನಿಂದ “ಊಟ ಆಯಿತೆ?” ಎಂದು ಯಾರಾದರೂ ಕೇಳಿದರೆ ಮನಸ್ಸು ಕರಗುವುದು ಸಹಜ. ಸ್ನೇಹಕ್ಕೆ, ಸಂಗಾತಿಗೆ ಹಂಬಲಿಸುವುದು ತಪ್ಪಲ್ಲ. ಜಾಲದ ಮೂಲಕ ಪರಿಚಯವಾಗಿ ಸುಖವಾಗಿ ಸಂಸಾರ ನಡೆಸುವವರೂ ಉಂಟು. ಆದುದರಿಂದ ನಾನು ಪ್ರೀತಿಯನ್ನು ಖಂಡಿಸುತ್ತಿಲ್ಲ. ಪ್ರೀತಿಯ ಹಿಂದೆಯೇ ಬರುವ ಬಿಲ್ಲನ್ನು ಪರೀಕ್ಷಿಸಿರೆಂದು ಕೇಳುತ್ತಿದ್ದೇನೆ.

ಮೋಸ ನಡೆಯುವ ಕ್ರಮವನ್ನು ಈಗ ನೋಡೋಣ. ಮೊದಲು ಪರಿಚಯ: ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಿವಾಹ ಸಂಬಂಧದ ಜಾಲತಾಣ, ಅಥವಾ “ತಪ್ಪಿ ನಿಮ್ಮ ನಂಬರಿಗೆ ಬಂತು, ಕ್ಷಮಿಸಿ” ಎಂಬ ಒಂದು ಸಂದೇಶ. ಮುಖ ಸುಂದರ, ಉದ್ಯೋಗ ದೂರದ್ದು: ಹಡಗಿನ ಅಧಿಕಾರಿ, ವಿದೇಶದ ವೈದ್ಯ, ಸೈನ್ಯದವನು, ತೈಲ ಬಾವಿಯ ಇಂಜಿನಿಯರು. ದೂರದ ಬೆಟ್ಟ ನುಣ್ಣಗಲ್ಲವೇ? ದೂರವಿದ್ದರೆ ಭೇಟಿಯಾಗದಿರಲು ನೆಪವೂ ಸಿದ್ಧವಾಗಿರುತ್ತದೆ. ಎರಡನೆಯದಾಗಿ, ಮಾತುಕತೆಯನ್ನು ಬೇಗನೆ ವಾಟ್ಸಾಪಿಗೋ ಟೆಲಿಗ್ರಾಮಿಗೋ ಸಾಗಿಸುತ್ತಾರೆ. ಮೊದಲಿನ ಜಾಲತಾಣದವರ ಕಣ್ಣು ತಪ್ಪಿಸಬೇಕಲ್ಲ. ವಿವಾಹ ಜಾಲತಾಣಗಳು ಸದಸ್ಯರ ಗುರುತನ್ನು ಪರಿಶೀಲಿಸಬೇಕೆಂದು 2016ರ ಜೂನಿನಲ್ಲಿ ಕೇಂದ್ರ ಸರಕಾರ ಸಲಹಾಸೂತ್ರ ಹೊರಡಿಸಿತು. ಆದರೆ ಗುರುತಿನ ಚೀಟಿಯನ್ನು ಪರಿಶೀಲಿಸಬಹುದೇ ಹೊರತು ಮನಸ್ಸನ್ನು ಪರಿಶೀಲಿಸಲಾಗದು. ಮೂರನೆಯದು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬರೀ ಅಕ್ಕರೆ. ಒಂದು ಪೈಸೆಯನ್ನೂ ಕೇಳುವುದಿಲ್ಲ. “ನಮ್ಮ ವಿಷಯ ಈಗಲೇ ಯಾರಿಗೂ ಹೇಳಬೇಡ” ಎಂಬ ಮಾತು ಮಾತ್ರ ನಡುನಡುವೆ ಬರುತ್ತದೆ. ನಾಲ್ಕನೆಯದು ಹಣ. ಅದು ಹಲವು ವೇಷಗಳಲ್ಲಿ ಬರುತ್ತದೆ. ನಾಲ್ಕನ್ನು ಮಾತ್ರ ಹೇಳುತ್ತೇನೆ.

ಒಂದನೆಯ ವೇಷ ಪಾರ್ಸೆಲ್ಲಿನದು. “ನಿನಗೆ ಚಿನ್ನದ ಗಡಿಯಾರ, ಪೌಂಡು ಹಣ ಕಳಿಸಿದ್ದೇನೆ” ಎನ್ನುತ್ತಾರೆ. ಎರಡು ದಿನಕ್ಕೆ ‘ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ’ಯ ಕರೆ: ಸುಂಕ ಕಟ್ಟಿ, ಇಲ್ಲದಿದ್ದರೆ ಮೊಕದ್ದಮೆ. ಕಸ್ಟಮ್ಸ್ ಇಲಾಖೆ ಯಾರ ಸ್ವಂತ ಬ್ಯಾಂಕ್ ಖಾತೆಗೂ ಸುಂಕ ತುಂಬಿಸಿಕೊಳ್ಳುವುದಿಲ್ಲ. ಇದನ್ನು ಇಲಾಖೆಯೇ ಮತ್ತೆ ಮತ್ತೆ ಪ್ರಕಟಿಸಿದೆ. 2019ರ ನವೆಂಬರ್ 8ರಿಂದ ಅವರ ಪತ್ರವ್ಯವಹಾರಕ್ಕೆ ‘ಡಿನ್’ ಎಂಬ ಗುರುತಿನ ಸಂಖ್ಯೆ ಬಂದಿದೆ. ಅದು ನಿಜವೋ ಸುಳ್ಳೋ ಎಂಬುದನ್ನು ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಎರಡನೆಯದು ಸಂಕಟದ ವೇಷ. ತಾಯಿಯ ಆಪರೇಷನ್, ಅಪಘಾತ, ನಮ್ಮನ್ನು ನೋಡಲು ಬರುವ ವಿಮಾನದ ಟಿಕೆಟ್ಟು, ದಾರಿಯಲ್ಲಿ ಕಳೆದ ಪಾಸ್‌ಪೋರ್ಟು. ಕರುಣೆಯುಳ್ಳವರನ್ನು ಇದು ಬೇಗ ಹಿಡಿಯುತ್ತದೆ.

ಮೂರನೆಯದು ಲಾಭದ ವೇಷ. ಹೆಚ್ಚು ದೊಡ್ಡ ಗಂಟು ಹೋಗುವುದು ಇದರಲ್ಲಿ. ಪ್ರೇಮಿ ಹಣ ಕೇಳುವುದೇ ಇಲ್ಲ. “ನಮ್ಮ ಮುಂದಿನ ಸಂಸಾರಕ್ಕೆ ನೀನೂ ನಾಲ್ಕು ಕಾಸು ಕೂಡಿಸು; ನನ್ನ ಚಿಕ್ಕಪ್ಪನಿಗೆ ಷೇರಿನ ಗುಟ್ಟು ಗೊತ್ತು” ಎಂದು ಒಂದು ಆ್ಯಪ್ ತೋರಿಸುತ್ತಾರೆ. ಐದು ಸಾವಿರ ಹಾಕಿದರೆ ಆರು ಸಾವಿರ ನಿಜವಾಗಿಯೂ ಕೈಗೆ ಬರುತ್ತದೆ. ಅದು ಗಾಳದ ಎರೆಹುಳ. ಆಮೇಲೆ ಲಕ್ಷಗಳನ್ನು ಹಾಕಿದರೆ ಪರದೆಯ ಮೇಲೆ ಅಂಕಿ ಬೆಳೆಯುತ್ತ ಹೋಗುತ್ತದೆ. ತೆಗೆಯಲು ಹೋದರೆ “ಮೊದಲು ತೆರಿಗೆ ಕಟ್ಟಿ” ಎನ್ನುತ್ತದೆ. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ: ತೆಗೆಯಲು ಬಾರದ ಹಣ ಜಮಾ ಅಲ್ಲ, ಬರೀ ಚಿತ್ರ.

ನಾಲ್ಕನೆಯದು ಬೆದರಿಕೆಯ ವೇಷ. ರಾತ್ರಿ ವಿಡಿಯೋ ಕರೆ ಮಾಡಿ, ಅಶ್ಲೀಲವಾಗಿ ವರ್ತಿಸಿ, ನಮ್ಮ ಮುಖವನ್ನೂ ಚಿತ್ರಿಸಿಕೊಂಡು, “ಹಣ ಕೊಡು, ಇಲ್ಲವಾದರೆ ನಿನ್ನ ಮನೆಯವರಿಗೆ ಕಳಿಸುತ್ತೇನೆ” ಎನ್ನುವುದು. ಹಿಂದೆಯೇ ಪೊಲೀಸ್ ಸಮವಸ್ತ್ರದವನೊಬ್ಬ ಕಾಣಿಸಿಕೊಂಡು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಬಹುದು. ನಮ್ಮ ದೇಶದ ಕಾನೂನಿನಲ್ಲಿ ಅಂಥದೊಂದು ಬಂಧನವೇ ಇಲ್ಲ. ಒಮ್ಮೆ ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ. ಕೊಡುವವನೆಂದು ಗೊತ್ತಾದ ಮೇಲೆ ಇನ್ನೂ ಹೆಚ್ಚುತ್ತದೆ. ಹಣ ಕೊಡದೆ, ಸಾಕ್ಷ್ಯವನ್ನು ಉಳಿಸಿಕೊಂಡು, ಆ ನಂಬರನ್ನು ತಡೆದು ದೂರು ಕೊಡಬೇಕು. ಖಾಸಗಿ ಚಿತ್ರಗಳು ಹರಡುವುದನ್ನು ತಡೆಯಲು ‘ಸ್ಟಾಪ್ ಎನ್‌ಸಿಐಐ’ ಎಂಬ ಜಾಲತಾಣ 2021ರಿಂದ ಹದಿನೆಂಟು ದಾಟಿದವರಿಗೆ ಪುಕ್ಕಟೆಯಾಗಿ ನೆರವಾಗುತ್ತಿದೆ. ಚಿತ್ರ ನಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರ ಅಂಕಿಗುರುತನ್ನು ಮಾತ್ರ ಪಡೆದು, ಜೊತೆಗೂಡಿದ ಜಾಲತಾಣಗಳಲ್ಲಿ ಆ ಚಿತ್ರ ಏರದಂತೆ ನೋಡಿಕೊಳ್ಳುತ್ತಾರೆ.

ಇಷ್ಟು ಹೊತ್ತು ಹೇಳಿದ್ದು ಶಾಸ್ತ್ರ. ಈಗ ಒಂದು ಬದುಕಿನ ಲೆಕ್ಕ. ನನ್ನ ಪರಿಚಯದ ಹಿರಿಯರೊಬ್ಬರು ಬೇರೊಂದು ಗಿರಣಿಯಲ್ಲಿ ಜಾಬರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಹೋಗಿದ್ದಾರೆ; ಮಗ ಪುಣೆಯಲ್ಲಿ. ಹೆಸರು ಹೇಳದೆ ತಮ್ಮ ಸಂಗತಿಯನ್ನು ಹೇಳಬಹುದೆಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಲಂಡನ್ನಿನಲ್ಲಿ ದಾದಿಯಾಗಿರುವ ಮಂಗಳೂರಿನವಳೆಂದು ಹೇಳಿಕೊಂಡ ಹೆಂಗಸು ಮೂರು ತಿಂಗಳು ದಿನವೂ ಸಂಜೆ ಅವರ ಮಾತ್ರೆ, ಊಟ, ನಿದ್ದೆಗಳನ್ನು ವಿಚಾರಿಸಿದಳು. ಆಮೇಲೆ ಪಾರ್ಸೆಲ್ ಬಂತು. ಮೊದಲು ಸುಂಕವೆಂದು 35,000 ರೂಪಾಯಿ. ಬಳಿಕ ಪೆಟ್ಟಿಗೆಯಲ್ಲಿ ವಿದೇಶಿ ಹಣವಿದೆಯೆಂದು ದಂಡ 85,000. ಆ ಮೇಲೆ ಪ್ರಮಾಣಪತ್ರಕ್ಕೆ 1,40,000. ಕೊನೆಗೆ ಮೊಕದ್ದಮೆ ಬಿಡಿಸಲು 2,60,000. ಒಟ್ಟು 5,20,000 ರೂಪಾಯಿ. ಎಲ್ಲ ಪ್ರಾವಿಡೆಂಟ್ ಫಂಡಿನ ಗಂಟು.

ಅವರು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. “ಎರಡನೆಯ ಸಲ ಕೇಳಿದಾಗಲೇ ನನಗೆ ಗುಮಾನಿ ಬಂದಿತ್ತಪ್ಪ. ಆದರೆ ಮಗನಿಗೆ ಹೇಗೆ ಹೇಳಲಿ? ‘ಈ ವಯಸ್ಸಿನಲ್ಲಿ ಅಪ್ಪನಿಗೆ ಇದೇನು’ ಎಂದಾನು. ಪೆಟ್ಟಿಗೆ ಬಂದುಬಿಟ್ಟರೆ ಯಾರಿಗೂ ಏನೂ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದು ಕಳಿಸುತ್ತ ಹೋದೆ.” ಈ ಲೆಕ್ಕವನ್ನು ನಾನು ಹೀಗೆ ಬರೆಯುತ್ತೇನೆ: ಮೋಸಕ್ಕೆ ಖರ್ಚಾದದ್ದು 35,000, ನಾಚಿಕೆಗೆ ಖರ್ಚಾದದ್ದು 4,85,000. ಐದು ತಿಂಗಳ ಮೇಲೆ ಅವರು ಬಾಯಿ ಬಿಟ್ಟಾಗ ಆ ಖಾತೆಗಳಲ್ಲಿ ಏನೂ ಉಳಿದಿರಲಿಲ್ಲ. ಮಗನಾದರೋ ಬೈಯಲಿಲ್ಲ. “ಮೊದಲೇ ಹೇಳಬಾರದಿತ್ತೇ ಅಪ್ಪಾ?” ಎಂದು ಅತ್ತನಂತೆ.

ಅವರೊಬ್ಬರೇ ಅಲ್ಲ. ಕೇಂದ್ರ ಗೃಹ ಖಾತೆಯ ಸೈಬರ್ ಅಪರಾಧ ಕೇಂದ್ರದ ಲೆಕ್ಕದಂತೆ 2024ರ ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕೇ ತಿಂಗಳಲ್ಲಿ ಪ್ರೇಮದ ಮೋಸದ ದೂರುಗಳು 1,725. ಹೋದ ಹಣ 13.23 ಕೋಟಿ ರೂಪಾಯಿ. ಭಾಗಿಸಿದರೆ ತಲೆಗೆ ಸುಮಾರು 77,000 ಬೀಳುತ್ತದೆ. ಅದೇ ಅವಧಿಯಲ್ಲಿ ಷೇರು ವ್ಯವಹಾರದ ಹೆಸರಿನ ಮೋಸಕ್ಕೆ 20,043 ದೂರುಗಳು, 1,420 ಕೋಟಿ ರೂಪಾಯಿ. ಪ್ರೇಮದಿಂದ ಮೊದಲಾಗಿ ಷೇರಿನಲ್ಲಿ ಮುಗಿದ ಪ್ರಕರಣಗಳು ಈ ಎರಡನೆಯ ಕಲಮಿನಲ್ಲಿಯೂ ಸೇರಿಕೊಳ್ಳಬಹುದು. ಅಮೆರಿಕದಲ್ಲಿ 2022ರಲ್ಲಿ ಸುಮಾರು 70,000 ಜನ ಇಂಥ ದೂರು ಕೊಟ್ಟರು. ಅವರು ಕಳೆದುಕೊಂಡದ್ದು 130 ಕೋಟಿ ಡಾಲರ್. ಅಲ್ಲಿಯ ಜನರೇನು ಓದುಬರಹ ತಿಳಿಯದವರೇ? ಇದೂ ಬಾಯಿ ಬಿಟ್ಟವರ ಲೆಕ್ಕ ಮಾತ್ರ. ಬಾಯಿ ಬಿಡದವರದು ಯಾವ ಪುಸ್ತಕದಲ್ಲಿಯೂ ಇಲ್ಲ.

ಆಚೆ ಕಡೆ ಕುಳಿತವರು ಯಾರೆಂಬುದನ್ನೂ ತಿಳಿಯಬೇಕು. ಎಲ್ಲರೂ ಹುಟ್ಟು ಕಳ್ಳರಲ್ಲ. ವಿದೇಶದಲ್ಲಿ ಕಂಪ್ಯೂಟರ್ ಕೆಲಸವೆಂಬ ಆಸೆ ತೋರಿಸಿ ಯುವಕರನ್ನು ಸಾಗಿಸಿ, ಪಾಸ್‌ಪೋರ್ಟ್ ಕಸಿದುಕೊಂಡು, ಹೊಡೆದು ಬಡಿದು ಈ ಕೆಲಸ ಮಾಡಿಸುವ ದೊಡ್ಡ ದೊಡ್ಡ ಆವರಣಗಳು ಮ್ಯಾನ್ಮಾರ್, ಕಾಂಬೋಡಿಯಾ ಮುಂತಾದ ದೇಶಗಳಲ್ಲಿ ಎದ್ದವು. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟಿನಲ್ಲಿ ಅಂದಾಜು ಮಾಡಿತು. 2025ರ ಮಾರ್ಚಿನಲ್ಲಿ ನಮ್ಮ ವಾಯುಸೇನೆಯ ವಿಮಾನಗಳು ಥಾಯ್ಲೆಂಡಿನ ಮೂಲಕ ಐನೂರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ಆದ್ದರಿಂದ ಹೊರದೇಶದ ನೌಕರಿಯ ಜಾಹೀರಾತನ್ನೂ ನಮ್ಮ ಹುಡುಗರು ನೋಡಿ ನಂಬಬೇಕು. ಇಂಥ ಮೋಸಕ್ಕೆ ಹಿಂದೆ ‘ಹಂದಿಯನ್ನು ಕೊಬ್ಬಿಸಿ ಕೊಯ್ಯುವುದು’ ಎಂಬ ಹೆಸರು ಪ್ರಚಾರದಲ್ಲಿತ್ತು. ಮೋಸ ಹೋದವರನ್ನು ಹಂದಿಯೆನ್ನುವ ಆ ಹೆಸರೇ ಅವರ ಬಾಯಿ ಮುಚ್ಚಿಸುತ್ತದೆ, ಅದನ್ನು ಬಿಡಿ ಎಂದು ಇಂಟರ್‌ಪೋಲ್ ಸಂಸ್ಥೆ 2024ರ ಡಿಸೆಂಬರಿನಲ್ಲಿ ಕರೆಕೊಟ್ಟಿತು. ನಮ್ಮ ಮೇಜಿನ ಸುತ್ತಿನ ನಗೆಗೂ ಈ ಮಾತು ಒಪ್ಪುತ್ತದೆ.

ಇನ್ನು ರಕ್ಷಣೆಯ ಮಾತು. ಐದು ಪರೀಕ್ಷೆಗಳನ್ನು ನೆನಪಿಡಬೇಕೆಂದು ಪ್ರಾರ್ಥನೆ.

ಒಂದು, ಮುಖದ ಪರೀಕ್ಷೆ. ಕಳಿಸಿದ ಫೋಟೋವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿದರೆ ಅದೇ ಮುಖ ಬೇರೆ ಹೆಸರಿನಲ್ಲಿ ಸಿಗುವುದುಂಟು. ಸಿಗದಿದ್ದರೆ ನಿಜವೆಂದು ತಿಳಿಯಬೇಡಿ. ಈಗ ಯಂತ್ರವೇ ಇಲ್ಲದ ಮುಖವನ್ನು ಸೃಷ್ಟಿಸುತ್ತದೆ. ಇದ್ದ ಮುಖವನ್ನು ಬೇಕಾದಲ್ಲಿ ಕೂರಿಸುತ್ತದೆ. ಚಿತ್ರನಟ ಬ್ರಾಡ್ ಪಿಟ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದಂತೆ ಮಾಡಿದ ಕೃತಕ ಚಿತ್ರಗಳನ್ನು ನಂಬಿ ಫ್ರಾನ್ಸಿನ ಮಹಿಳೆಯೊಬ್ಬರು 8,30,000 ಯೂರೋ ಕಳೆದುಕೊಂಡ ಸುದ್ದಿ 2025ರ ಜನವರಿಯಲ್ಲಿ ಬಂತು. ವಿಡಿಯೋ ಕರೆಯನ್ನೂ ಸಂಪೂರ್ಣ ನಂಬುವಂತಿಲ್ಲ.

ಎರಡು, ಊರಿನ ಪರೀಕ್ಷೆ. “ಯಾವ ಊರು, ಯಾರ ಮನೆ?” ಎಂಬ ನಮ್ಮ ಹಳೆಯ ಪ್ರಶ್ನೆಯನ್ನೇ ಕೇಳಿ. ನಿಜವಾದ ಸಂಬಂಧವಾದರೆ ನಾಲ್ಕು ಜನ ಓಡಾಡುವ ಜಾಗದಲ್ಲಿ, ಮನೆಯವರೊಬ್ಬರ ಜೊತೆಯಲ್ಲಿ ಭೇಟಿಗೆ ಬರಲು ಅಡ್ಡಿಯೇನು?

ಮೂರು, ಖಾತೆಯ ಪರೀಕ್ಷೆ. ಗಿರಣಿಯಲ್ಲಿ ಬಿಲ್ಲಿನ ಹೆಸರು ಒಂದು, ಹಣ ಹೋಗುವ ಖಾತೆಯ ಹೆಸರು ಇನ್ನೊಂದು ಆದರೆ ನಾವು ಪಾವತಿ ನಿಲ್ಲಿಸುತ್ತೇವೆ. ಲಂಡನ್ನಿನ ಪ್ರೇಮಿಯ ಹಣ ಗುರುತಿಲ್ಲದ ಮೂರನೆಯವರ ಖಾತೆಗೆ ಏಕೆ ಹೋಗಬೇಕು? ಪ್ರತಿ ಕಂತಿಗೂ ಖಾತೆ ಏಕೆ ಬದಲಾಗಬೇಕು? ಯುಪಿಐ ಪಿನ್ ಒತ್ತುವುದು ಹಣ ಕಳಿಸುವುದಕ್ಕೆ. ಹಣ ಪಡೆಯಲು ಪಿನ್ ಬೇಕಿಲ್ಲ. ಹಾಗೆಯೇ, “ನಿನ್ನ ಖಾತೆಗೆ ಹಣ ಬರುತ್ತದೆ, ಮುಂದೆ ಕಳಿಸಿಬಿಡು” ಎಂದರೆ ಒಪ್ಪಬಾರದು. ಕದ್ದ ಹಣ ಸಾಗಿಸಿದ ಆಪಾದನೆ ನಮ್ಮ ತಲೆಗೇ ಬರುತ್ತದೆ.

ನಾಲ್ಕು, ಅವಸರದ ಪರೀಕ್ಷೆ. “ಇವತ್ತೇ, ಈ ಗಂಟೆಯೊಳಗೆ” ಎಂದರೆ ನಾಳೆಗೆ ಮುಂದೂಡಿ. ನಿಜವಾದ ಪ್ರೀತಿ ಒಂದು ರಾತ್ರಿ ಕಾಯಬಲ್ಲದು.

ಐದು, ಗುಟ್ಟಿನ ಪರೀಕ್ಷೆ. ಇದೇ ಮುಖ್ಯ. “ಯಾರಿಗೂ ಹೇಳಬೇಡ” ಎಂದವರ ವಿಷಯವನ್ನು ಆ ದಿನವೇ ಒಬ್ಬರಿಗೆ ಹೇಳಿ. ಮಗನಿಗೆ ಆಗದಿದ್ದರೆ ಗೆಳೆಯನಿಗೆ, ಗೆಳೆಯನಿಗೆ ಆಗದಿದ್ದರೆ ಇಲ್ಲಿಗೆ ಬಂದು ಹೇಳಿ. ಕಣ್ಣಾರೆ ಕಂಡು, ಮನೆತನ ವಿಚಾರಿಸುವವರೆಗೆ ಒಂದು ರೂಪಾಯಿಯನ್ನೂ ಕಳಿಸುವುದಿಲ್ಲವೆಂಬ ನಿಯಮವನ್ನು ಪಾಲಿಸಿದರೆ ಉಳಿದ ನಾಲ್ಕು ಪರೀಕ್ಷೆಯಲ್ಲಿ ತಪ್ಪಿದರೂ ಗಂಟು ಉಳಿಯುತ್ತದೆ.

ಹಣ ಹೋಗಿಯೇಬಿಟ್ಟಿದ್ದರೆ? ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದು. ಕೂಡಲೇ 1930 ಎಂಬ ನಂಬರಿಗೆ ಫೋನ್ ಮಾಡಬೇಕು. ದೇಶದ ಯಾವ ಮೂಲೆಯಿಂದಾದರೂ ಮಾಡಬಹುದು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರಕಾರಿ ಜಾಲತಾಣದಲ್ಲಿಯೂ ದೂರು ಬರೆಯಬಹುದು. ನಿಮ್ಮ ದೂರು ಹಣ ಸೇರಿದ ಬ್ಯಾಂಕಿಗೆ ಮುಟ್ಟುತ್ತದೆ. ಹಣ ಅಲ್ಲಿಯೇ ಇದ್ದರೆ ತಡೆಹಿಡಿಯುತ್ತಾರೆ. ಮುಂದಿನ ಬ್ಯಾಂಕಿಗೆ ಹಾರಿದ್ದರೆ ದೂರು ಅಲ್ಲಿಗೆ ಹೋಗುತ್ತದೆ. ಕಳ್ಳನಿಗೂ ಈ ವ್ಯವಸ್ಥೆಗೂ ನಡೆಯುವುದು ಓಟದ ಪಂದ್ಯ. ಅರ್ಧ ಗಂಟೆಗೂ ಬೆಲೆಯುಂಟು. ವ್ಯವಹಾರದ ಸಂಖ್ಯೆ, ದಿನ, ಸಮಯ, ಫೋನ್ ನಂಬರು, ಸಂದೇಶಗಳ ಚಿತ್ರ ಎಲ್ಲವನ್ನೂ ಇಟ್ಟುಕೊಳ್ಳಿ. ಸಿಟ್ಟಿನಿಂದಲೋ ನಾಚಿಕೆಯಿಂದಲೋ ಅಳಿಸಬೇಡಿ. ನಮ್ಮ ಬ್ಯಾಂಕಿಗೂ ಲಿಖಿತವಾಗಿ ತಿಳಿಸಬೇಕು.

ಪೊಲೀಸ್ ಠಾಣೆಯಲ್ಲಿ “ಇದು ನಮ್ಮ ಹದ್ದಿನದಲ್ಲ” ಎಂದರೆ ಹಿಂದಿರುಗಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬೇರೆಯವನ ವೇಷ ಹಾಕಿ ಕಂಪ್ಯೂಟರ್, ಮೊಬೈಲುಗಳ ಮೂಲಕ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಉಂಟು. ಅಪರಾಧಿ ಅವನು, ಮೋಸ ಹೋದವರು ಫಿರ್ಯಾದಿಗಳು. ಠಾಣೆಯ ಮೆಟ್ಟಿಲು ಹತ್ತುವಾಗ ಇದು ನೆನಪಿರಲಿ. ಇನ್ನೊಂದು ಎಚ್ಚರ: “ಕಳೆದ ಹಣ ಮರಳಿ ಕೊಡಿಸುತ್ತೇವೆ, ಮೊದಲು ಫೀ ಕೊಡಿ” ಎಂದು ಬರುವವರು ಗಾಯದ ಮೇಲೆ ಬರೆ ಹಾಕುವ ಎರಡನೆಯ ಕಳ್ಳರು.

ಬಂಧುಗಳೇ, ಉಳಿದದ್ದು ನಮ್ಮೆಲ್ಲರ ಕರ್ತವ್ಯ. ಯಾರಾದರೂ ಬಂದು “ಹೀಗಾಯಿತು” ಎಂದರೆ “ಹೇಗೆ ನಂಬಿದಿರಿ?” ಎಂಬುದು ನಮ್ಮ ಮೊದಲ ಪ್ರಶ್ನೆ ಆಗಬಾರದು. “ಯಾವಾಗ ಕಳಿಸಿದಿರಿ?” ಎಂದು ಕೇಳಿ, ಫೋನ್ ಕೈಗೆ ಕೊಟ್ಟು 1930 ಒತ್ತಿಸಬೇಕು. ನಮ್ಮ ತಂದೆತಾಯಿಗಳಿಗೆ, ಒಂಟಿಯಾಗಿರುವ ನೆರೆಯವರಿಗೆ “ಊಟ ಆಯಿತೆ?” ಎಂದು ನಾವೇ ಕೇಳುವಂತಾದರೆ ಆ ಮಾತಿಗಾಗಿ ಅವರು ಗುರುತಿಲ್ಲದವರ ಬಾಗಿಲಿಗೆ ಹೋಗಬೇಕಾಗಿಲ್ಲ. 1930 ಎಂಬ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಪತ್ರಿಕೆಯ ಮೇಜಿನ ಮೇಲ್ಗಡೆ ತೂಗುಹಾಕಿದ್ದೇವೆ. ಭಾನುವಾರ ಸಂಜೆ ಐದರಿಂದ ಏಳರವರೆಗೆ ನಾವು ಇಬ್ಬರು ಸ್ವಯಂಸೇವಕರು ಒಳಗಿನ ಕೋಣೆಯಲ್ಲಿ ಇರುತ್ತೇವೆ. ದೂರು ಬರೆಯಲು ತಿಳಿಯದವರಿಗೆ ಬರೆದುಕೊಡುತ್ತೇವೆ. ಕೇಳಿದ ಮಾತು ಆ ಕೋಣೆಯಿಂದ ಹೊರಗೆ ಹೋಗದು. ಸಂದೇಹವಿದ್ದವರು ಹಣ ಕಳಿಸುವ ಮುಂಚೆ ಬರಬೇಕು. ಕಳಿಸಿದವರು ಕಳಿಸಿದ ದಿನವೇ ಬರಬೇಕು.